ಎಂಟನೆಯ ದಿನದ ತಪಾಸಣೆ

ಸುಂಕಣ್ಣ ಕುರ್ಚಿಯ ತುದಿಯಲ್ಲೇ ಕುಳಿತಿದ್ದಾನೆ, ಪಾಠ ಹೇಳಿಸಿಕೊಳ್ಳುವಾಗ ಕೂರುತ್ತಿದ್ದ ಹಾಗೇ, ಬೆನ್ನು ಆನಿಸದೆ — ಸರಿಯಾಗಿ ಕೂತುಕೊಳ್ಳೋ ಸುಂಕಣ್ಣ, ಎನ್ನಬೇಕೆನಿಸುತ್ತದೆ ಡಾಕ್ಟರ್ ದೊಡ್ಡಬಸಪ್ಪನವರಿಗೆ, ಆದರೆ ಇವತ್ತು ಅವರು ಗುರುವಲ್ಲ, ಮಂಡಳಿಯ ಅಧ್ಯಕ್ಷರು, ರೋಗ ಬಾರದಂತೆ ತಡೆಯುವ ಡಾಕ್ಟರುಗಳಿಗೆ ಸರ್ಟಿಫಿಕೇಟು ಕೊಡುವವರು, ಕಿತ್ತುಕೊಳ್ಳುವವರೂ ಅವರೇ, ಮುಂದೆ ಒಂದು ಹಾಳೆ, ಅದರಲ್ಲಿ ಸುಂಕಣ್ಣನ ಹೆಸರು, ರದ್ದು ಎಂಬ ಮಾತು, ಕೆಳಗೆ ಸಹಿಗೆ ಬಿಟ್ಟ ಜಾಗ, ಬಳ್ಳಾರಿಯ ಬಿಸಿಲಿಗೆ ಪೆನ್ನೂ ಬೆವರುತ್ತದೆಯೇ ಏನು, ಬೆರಳಿನಿಂದ ಜಾರುತ್ತಿದೆ. ಸದಸ್ಯರಾದ ಕರೀಮಸಾಬರು ಓದುತ್ತಿದ್ದಾರೆ, ಕುರುಗೋಡಿನಲ್ಲಿ ಈತ ಸಿಡುಬಿನ ಲಸಿಕೆ ಹಾಕಿದ ಹತ್ತು ಮಕ್ಕಳಲ್ಲಿ ನಾಲ್ಕು ಸಿಡುಬಿನಿಂದಲೇ ತೀರಿಕೊಂಡಿವೆ — ನಾಲ್ಕು, ಬೇಡ, ಅದನ್ನು ಈಗ ನೆನೆಯುವುದು ಬೇಡ, ನಿಯಮವನ್ನು ನೆನೆ ದೊಡ್ಡಬಸಪ್ಪ, ನಲವತ್ತೈದನೇ ಇಸವಿಯಲ್ಲಿ ನೀನೇ ಮೀಸೆ ತಿರುವಿಕೊಂಡು ಮಾಡಿದ ನಿಯಮ: ಪರೀಕ್ಷೆಗೆ ಕುಳಿತವನು ಹತ್ತು ಮಕ್ಕಳಿಗೆ ಲಸಿಕೆ ಹಾಕಬೇಕು, ಎಂಟನೆಯ ದಿನ ಅಧ್ಯಕ್ಷರೇ ಹೋಗಿ ತೋಳು ನೋಡಬೇಕು, ಬೊಕ್ಕೆ ಎದ್ದಿದ್ದರೆ ಲಸಿಕೆ ಹತ್ತಿತು ಎಂದರ್ಥ, ಅದಾಗುವ ತನಕ ಹಾಕಿದವನು ಆ ಊರಿಗೆ ಕಾಲಿಡಕೂಡದು, ಏನಾದರೂ ಕೈಚಳಕ ಮಾಡಿಬಿಟ್ಟಾನು. ಎಲ್ಲರ ಮೇಲೂ ಅನುಮಾನ, ತನ್ನ ಸೋಮಾರಿತನದ ಮೇಲೊಂದು ಬಿಟ್ಟು.

ಸಿರುಗುಪ್ಪದಿಂದ ಸುಂಕಣ್ಣ ಬರೆದಿದ್ದನಲ್ಲ, ಗುಂಡಗುಂಡಗೆ ಬರೆದ ಆ ಕಾಗದ, ಸಾರ್, ಲಸಿಕೆ ತಂದ ಬಸ್ಸು ಕೊಳಗಲ್ಲಿನ ಹತ್ರ ಕೆಟ್ಟು ಅರ್ಧ ದಿನ ಬಿಸಿಲಾಗ ನಿಂತಿತ್ತಂತ್ರಿ, ಮಕ್ಕಳಿಗೆ ಹಾಕಿದ ಮ್ಯಾಲೆ ಡ್ರೈವರ್ ಹೇಳಿದ, ಬಿಸಿಲಿಗೆ ಲಸಿಕೆ ಕೆಟ್ಟಿರಬಹುದು, ನಾನು ಕುರುಗೋಡಿಗೆ ಹೋಗಂಗಿಲ್ಲ, ತೋಳು ತಾವು ಹುಷಾರಿಂದ ನೋಡ್ರಿ — ಓದಿ ನಕ್ಕಿದ್ದರು ಅವರು, ಹೆಮ್ಮೆಯಿಂದಲೇ ನಕ್ಕಿದ್ದರು, ಇಷ್ಟು ಜಾಗರೂಕನಾದವನ ಲಸಿಕೆ ಹತ್ತದೆ ಇರುತ್ತದೆಯೇ, ನಾನು ಕಲಿಸಿದ ಹುಡುಗ, ಎಂದು ಮೊಸರನ್ನ ಉಂಡು, ಎಂಟನೆಯ ದಿನ ಬಳ್ಳಾರಿಯ ಈ ಮೇಜಿನಲ್ಲೇ ಕುಳಿತು, ಕುರುಗೋಡಿಗೆ ಹೋಗಿ ನೋಡಿದೆ, ಹತ್ತಕ್ಕೆ ಹತ್ತೂ ಎದ್ದಿವೆ ಎಂದು ಬರೆದುಬಿಟ್ಟರು. ಪ್ರೀತಿಯಂತೆ, ಪ್ರೀತಿ. ಹೋಗಿದ್ದರೆ ಮತ್ತೆ ಹಾಕಿಸಬಹುದಿತ್ತು, ಒಂದು ದಿನದ ಕೆಲಸ, ಮಕ್ಕಳು ಬದುಕುತ್ತಿದ್ದವು.

ಅಧ್ಯಕ್ಷರು ಕಣ್ಣಾರೆ ನೋಡಿ ಬರದಾರ, ಕರೀಮಸಾಬರು ಸುಂಕಣ್ಣನ ಕಡೆ ತಿರುಗಿದ್ದಾರೆ, ಹತ್ತೂ ತೋಳಿನಾಗ ಬೊಕ್ಕಿ ಇದ್ದುವಂತ, ಆದರೂ ಮಕ್ಕಳು ಸತ್ತಾವ, ಅಂದ ಮ್ಯಾಲೆ ನೀವು ಕದ್ದು ಹೋಗಿ, ಮೈ ಸುಡೋ ಗೇರೆಣ್ಣಿ ಹಚ್ಚಿ ಸುಳ್ಳು ಬೊಕ್ಕಿ ಎಬ್ಬಿಸಿರಬೇಕು, ಹೌದಲ್ರಿ? ಹೇಳು ಸುಂಕಣ್ಣ, ಕಾಗದ ಬರೆದಿದ್ದೆ ಎಂದು ಹೇಳು, ಮುದುಕ ಬರಲೇ ಇಲ್ಲ ಎಂದು ಹೇಳು, ನನ್ನ ಬಾಯಿಗೆ ಬಿಸಿ ತುಪ್ಪ ಬಿದ್ದಿದೆ, ನುಂಗಲಾರೆ, ಉಗುಳಲಾರೆ, ನೀನಾದರೂ — ಅವನು ತಲೆ ಎತ್ತಿ ಒಂದು ಸಲ ಗುರುವನ್ನು ನೋಡುತ್ತಾನೆ, ಆ ನೋಟದಲ್ಲಿ ಸಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು, ಹೌದ್ರಿ ಎನ್ನುತ್ತಾನೆ, ತಪ್ಪು ನಂದ ಐತಿ. ಈಗ ಹೇಳಬೇಕು, ಈಗಲೇ, ನಾನು ಹೋಗಿರಲಿಲ್ಲ, ಎರಡೇ ಮಾತು, ಮೂವತ್ತು ವರ್ಷದ ಹೆಸರು ನಾಲಿಗೆಯ ಮೇಲೆ ಕುಳಿತಿದೆ, ಕೈ ಮಾತ್ರ ಅದರ ಪಾಡಿಗೆ ಅದು ಸಹಿ ಹಾಕುತ್ತಿದೆ, ಹಾಕಿತು. ಸುಂಕಣ್ಣ ಎದ್ದು ಮೇಜು ಬಳಸಿ ಬಂದು ಬಗ್ಗಿ ಅವರ ಕಾಲು ಮುಟ್ಟುತ್ತಾನೆ, ಬರ್ತೀನ್ರಿ ಎನ್ನುತ್ತಾನೆ, ಅವನ ಚಪ್ಪಲಿಯ ಸದ್ದು ಮೆಟ್ಟಿಲು ಇಳಿಯುತ್ತಿದೆ, ಕರೆಯಬೇಕು, ಕರೆಯುವಷ್ಟು ಹತ್ತಿರವೇ ಇದ್ದಾನೆ, ಆದರೆ ಕಣ್ಣ ಮುಂದೆ ಕುರುಗೋಡಿನ ಆ ಮನೆಯ ಬಾಗಿಲು, ಸಿಡುಬು ಬಂದ ಸುದ್ದಿ ಕೇಳಿ ತಾವೇ ಅಲ್ಲಿಗೆ ಓಡಿದ್ದರಲ್ಲ, ಆಗ ಕಂಡದ್ದು, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ ಮಗುವಿನ ಹೆಣ, ಹೆತ್ತ ತಾಯಿ, ಮಾರೆಮ್ಮ ಎಂಬವಳು, ಅಳುತ್ತಿರಲಿಲ್ಲ, ಮಗುವಿನ ತೋಳು ಎತ್ತಿ ಹಿಡಿದಿದ್ದಳು, ಭುಜದಿಂದ ಬೆರಳಿನವರೆಗೆ ಬೊಕ್ಕೆ, ಕಡಲೆ ಇಡಲೂ ಜಾಗವಿಲ್ಲ, ಡಾಕ್ಟ್ರ, ಇದರಾಗ ನೀವು ಹಾಕಿದ್ದು ಯಾವುದ್ರಿ, ಆ ತೋಳು, ಬೊಕ್ಕೆ, ಮತ್ತೆ ಬೊಕ್ಕೆ, ನೀವು ಹಾಕಿದ್ದು ಯಾವುದ್ರಿ, ಆ ತೋಳು —