ಕೆಂಪು ಪೆನ್ನಿನ ಸಾಲು

"ಇದೇನಮ್ಮ ಬರೆದಿದ್ದೀಯ? 'ಊಟದ ಹೊತ್ತಿಗೆ ಯಾರಾದರೂ ಪಕ್ಕದಲ್ಲಿ ಕೂತಿರಬೇಕು' ಅಂತ! ಇದೇನು ಪಥ್ಯದ ಚೀಟಿನಾ, ಪ್ರೇಮಪತ್ರಾನಾ?"

ಮೇಡಂ ಕೆಂಪು ಪೆನ್ನಿನಿಂದ ಆ ಸಾಲನ್ನು ಹೊಡೆದುಹಾಕಿದರು. ಆಸ್ಪತ್ರೆಯ ಪಥ್ಯಾಹಾರ ವಿಭಾಗದಲ್ಲಿ ಅವರದು ಇಪ್ಪತ್ತಾರು ವರ್ಷದ ಸರ್ವೀಸು. ತರಬೇತಿಗೆ ಬಂದ ಹುಡುಗಿಯರಿಗೆ ಅವರೆಂದರೆ ಸಿಂಹಸ್ವಪ್ನ. ಆ ಐವರಲ್ಲಿ ಗಾತ್ರಕ್ಕೆ ತೀರಾ ಚಿಕ್ಕವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು, ಚೀಟಿ ಅವಳದೇ.

"ನಾನು ಕೂತಿದ್ರೆ ಟೈಲರ್ ಅಜ್ಜ ಅರ್ಧ ತಟ್ಟೆನಾದ್ರೂ ತಿಂತಾರೆ, ಮೇಡಂ."

"ಕ್ಯಾಲೊರಿ ಬರಿ, ಪ್ರೋಟೀನ್ ಬರಿ. ಪಕ್ಕದಲ್ಲಿ ಕೂರೋದನ್ನ ಎಷ್ಟು ಗ್ರಾಂ ಅಂತ ಬರೀತೀಯ?"

ಗುಬ್ಬಿ ಚೀಟಿಯನ್ನು ಒಯ್ದು ಅಜ್ಜನ ಹಾಸಿಗೆಯ ಕಾಲಬಳಿ ತೂಗುಹಾಕಿದಳು.

ಸೋಮವಾರ ಅವಳಿಗೆ ಮಕ್ಕಳ ವಾರ್ಡು ಬಿತ್ತು. ಅಂದಿನಿಂದ ಹನ್ನೆರಡನೇ ಹಾಸಿಗೆಯ ಟೈಲರ್ ಅಜ್ಜನ ತಟ್ಟೆ ಹೋದ ಹಾಗೇ ವಾಪಸು ಬರತೊಡಗಿತು. ಗುರುವಾರ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: ಇವತ್ತು ಮಧ್ಯಾಹ್ನ ಅರ್ಧ ಊಟವೂ ಇಳಿಯದಿದ್ದರೆ ಸಂಜೆ ಮೂಗಿನ ಮೂಲಕ ಹೊಟ್ಟೆಗೆ ನಳಿಗೆ ಹಾಕುವುದೇ.

ಒಂದು ಗಂಟೆಗೆ ಊಟದ ಡಬ್ಬಿ ಹಿಡಿದು ತಮ್ಮ ಕೋಣೆಗೆ ಹೊರಟಿದ್ದ ಮೇಡಂ, ಮನಸ್ಸು ತಡೆಯದೆ ಅಜ್ಜನ ವಾರ್ಡಿನ ಕಡೆ ತಿರುಗಿದರು. ಟೈಲರ್ ಅಜ್ಜ ತಟ್ಟೆಯನ್ನು ಆಚೆ ತಳ್ಳಿ ಗೋಡೆ ನೋಡುತ್ತ ಮಲಗಿದ್ದ.

"ಒಂದೇ ಒಂದು ಚಮಚ, ಯಜಮಾನ್ರೇ."

ಅಜ್ಜ ಹೊರಳಿ ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದ. ಐವತ್ತು ವರ್ಷ ಅಳತೆ ತೆಗೆದ ಕಣ್ಣು.

"ಕೋಟು ಜೋತುಬಿದ್ದಿದೆಯಲ್ಲ ಮೇಡಂ. ಹೊಲಿಸಿದಾಗಿಂದ ಮೂರಿಂಚು ಇಳಿದಿದ್ದೀರಿ. ಮನೇಲಿ ಯಾರೂ ಹೇಳ್ಲಿಲ್ವಾ?"

ಲೋಕಕ್ಕೆ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದು ಒದ್ದಾಡಿತಂತೆ. ಸಾವಿರಾರು ಜನರ ತೂಕ ಬರೆದಿಟ್ಟ ಮೇಡಂಗೆ ತಮ್ಮದು ನೋಡಿಕೊಂಡ ನೆನಪೇ ಇರಲಿಲ್ಲ. ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಅಡುಗೆ ಒಬ್ಬರಿಗೇ. ಅದರಲ್ಲೂ ಅರ್ಧ ಡಬ್ಬಿಯಲ್ಲೇ ಉಳಿದು ಮನೆಗೆ ಮರಳುತ್ತಿತ್ತು.

"ಹೇಳೋರು ಯಾರೂ ಇಲ್ಲ," ಎಂದರು.

"ಹಾಗಾದ್ರೆ ಕೂತ್ಕೊಳ್ಳಿ. ಡಬ್ಬಿ ಬಿಚ್ಚಿ. ನೀವು ತಿಂದ್ರೆ ನಾನೂ ತಿಂತೀನಿ."

ಮೇಡಂ ಸ್ಟೂಲು ಎಳೆದುಕೊಂಡರು. ಮೊದಲ ತುತ್ತು ಇಬ್ಬರಿಗೂ ಕಷ್ಟವೇ ಆಯಿತು. ಅಜ್ಜ ಅವರ ಡಬ್ಬಿಯ ಮೇಲೊಂದು ಕಣ್ಣಿಟ್ಟೇ ತನ್ನ ಚಮಚ ಎತ್ತುತ್ತಿದ್ದ. ಅವರು ನಿಲ್ಲಿಸಿದರೆ ಅವನೂ ನಿಲ್ಲಿಸುತ್ತಿದ್ದ. ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅವನ ತಟ್ಟೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಅವರ ಡಬ್ಬಿಯ ತಳ ಕಾಣಿಸುತ್ತಿತ್ತು.

ಮೇಡಂ ಹಾಸಿಗೆಯ ಕಾಲಬಳಿ ತೂಗುಹಾಕಿದ್ದ ಚೀಟಿಯನ್ನು ತೆಗೆದು, ತಾವೇ ಹೊಡೆದುಹಾಕಿದ್ದ ಸಾಲನ್ನು ಕೆಂಪು ಪೆನ್ನಿನಲ್ಲಿ ಅದರ ಕೆಳಗೇ ಮತ್ತೆ ಬರೆದರು. ಆಮೇಲೆ ಸ್ಟೂಲನ್ನು ಗೋಡೆಗೆ ಸರಿಸಲು ಎತ್ತಿದವರು, ಒಂದು ಗಳಿಗೆ ನಿಂತು, ಇದ್ದಲ್ಲೇ ಇಟ್ಟರು.