ಮಿಠ್ಠುವಿನ ಕತ್ತಿನ ಸದ್ದು

ನೀಲಿ ಗುಂಡು ಮೇಲೇಳುತ್ತಿಲ್ಲ, ಪರದೆಯ ಸಂದಿನಿಂದ ಬಿದ್ದ ಮಧ್ಯಾಹ್ನದ ಬಿಸಿಲು ಅದರ ಮೇಲೆ ಕೂತಿದೆ, ಆಪರೇಷನ್ ಆದವರು ನಳಿಗೆಯಿಂದ ಉಸಿರೆಳೆದು ಗುಂಡು ಏರಿಸಬೇಕಾದ ಡಬ್ಬಿಯೊಳಗೆ ಮೂರು ಕೊಳವೆ, ಬಿಳಿ ಗುಂಡು, ಹಳದಿ, ನೀಲಿ, ಮೂರೂ ತಳದಲ್ಲಿ ಮಲಗಿವೆ, ನನ್ನ ಏಳು ವರ್ಷದ ಕೌಸರಳ ಹಾಗೆಯೇ — ಫ್ಯಾನು ತಿರುಗುತ್ತಿದೆ, ಅದರ ಬೇರಿಂಗು ಇನ್ನೊಂದು ತಿಂಗಳು ಬಾಳೀತು, ಛೇ, ಈಗಲೂ ಅದೇ ಕಿವಿ, ಚಳ್ಳಕೆರೆಯ ಆಸ್ಪತ್ರೆಯಲ್ಲಿ ಮಗಳ ಮಂಚದ ಪಕ್ಕ ಕೂತೂ ಫ್ಯಾನಿನ ನಾಡಿ ನೋಡುವ ಕಿವಿ. ಮೊಳಕಾಲ್ಮೂರಿನ ನನ್ನ ಅಂಗಡಿಗೆ ಮೋಟಾರು ರಿಪೇರಿಗೆ ತಂದವರೆಲ್ಲ ಹೊಗಳುವುದು ಇದನ್ನೇ, ಸ್ಕ್ರೂಡ್ರೈವರಿನ ತುದಿ ಮೋಟಾರಿಗೆ, ಹಿಡಿ ಕಿವಿಗೆ, ಕಣ್ಣು ಮುಚ್ಚಿದರೆ ಒಳಗಿನದೆಲ್ಲ ಕೇಳುತ್ತದೆ, ನನ್ನ ಅಬ್ಬಾ ಕರೀಂ ಸಾಬ್ ಕಲಿಸಿದ್ದು, ಸದ್ದು ಬಂತಂದ್ರೆ ಬಿಚ್ಚಿ ನೋಡು ಬೇಟಾ, ಬಿಡಬೇಡ — ಆದರೆ ಹೊಟ್ಟೆ ಹಿಡಿದುಕೊಂಡು ಮೂರು ದಿನ ನರಳಿದ ಮಗಳ ಸದ್ದು ಈ ಕಿವಿಗೆ ಕೇಳಲಿಲ್ಲ, ಗ್ಯಾಸು, ಸೋಡಾ ಕುಡಿಸು ಅಂದೆ ಹೆಂಡತಿ ಫರ್ಜಾನಾಗೆ, ಒಳಗೆ ಅಪೆಂಡಿಕ್ಸ್ ಒಡೆದೇ ಹೋಗಿತ್ತು, ನಾಚಿಕೆಯಾಗುತ್ತದೆ, ಯಾರಿಗೆ ಹೇಳಲಿ, ಆಂಬುಲೆನ್ಸಿನ ಕಿಟಕಿಯಲ್ಲಿ ದಾರಿಯ ಊರುಗಳು, ಹಿರೇಹಳ್ಳಿ, ತಳಕು, ಒಣಹುಲ್ಲು, ಕುರಿ, ಎಲ್ಲ ತೇಲಿಹೋದವು, ಅವಳ ಬೆರಳು ನನ್ನ ಬೆರಳಿನಲ್ಲಿ ಸುಡುತ್ತಿತ್ತು.

ಆಪರೇಷನ್ ಆದ ಮರುದಿನ ಮಿಠ್ಠು ಬಂತು, ಚೇತರಿಸಿಕೊಳ್ಳುವ ಮಕ್ಕಳ ಜೊತೆಗಿರಲೆಂದು ಆಸ್ಪತ್ರೆಯವರು ತರಿಸಿದ ಪುಟ್ಟ ರೋಬೋಟು, ಮೊಲದಷ್ಟು ಎತ್ತರ, ಬಿಳಿ ಮೈ, ಕಣ್ಣಲ್ಲಿ ಹಸಿರು ದೀಪ, ಹೆಸರಿಟ್ಟವಳು ಕೌಸರ್. ಅದಕ್ಕೆ ಉರ್ದು ಬಾರದು, ಉಸಿರೆಳೆ ಪುಟ್ಟಿ ಎನ್ನುತ್ತದೆ ಕನ್ನಡದಲ್ಲಿ, ಸಾಂಸ್ ಅಂದ್ರೆ ಉಸಿರು ಕಣೋ ಎಂದು ಇವಳು ಅದಕ್ಕೇ ಪಾಠ ಹೇಳುತ್ತಾಳೆ, ನಗಬೇಡ ಕಣೇ, ಹೊಲಿಗೆ ನೋಯುತ್ತದೆ ಎಂದು ಫರ್ಜಾನಾ ಗದರುತ್ತಾಳೆ — ಎಲ್ಲ ನಿನ್ನೆಯವರೆಗಿನ ಮಾತು. ಮಿಠ್ಠು ತಲೆಯೆತ್ತುವಾಗ ಕತ್ತಿನಲ್ಲಿ ಟಿಕ್, ಟಿಕ್, ಟಿಕ್, ಮೂರು ಸಲ, ಅಷ್ಟು ಹೊತ್ತೂ ಇವಳು ಡಬ್ಬಿಯ ನಳಿಗೆಗೆ ಬಾಯಿ ಹಚ್ಚಿ ಉಸಿರೆಳೆಯುತ್ತಿದ್ದಳು, ಮೊದಲ ಸದ್ದಿಗೆ ಬಿಳಿ ಏರುತ್ತಿತ್ತು, ಎರಡಕ್ಕೆ ಹಳದಿ, ಮೂರಕ್ಕೆ ನೀಲಿ ಒಂಚೂರು ಅಲುಗಿ ಸುಮ್ಮನಾಗುತ್ತಿತ್ತು, ನಾಳೆ ಏರಿಸ್ತೀನಿ ಮಿಠ್ಠು ಎನ್ನುತ್ತಿದ್ದಳು. ನನಗೆ ಕೇಳಿದ್ದು ಬರೀ ಆ ಟಿಕ್ಕು. ಇವತ್ತು ಬೆಳಿಗ್ಗೆ ಅವಳು ನಿದ್ದೆಯಲ್ಲಿದ್ದಾಗ, ಯಾರನ್ನೂ ಕೇಳದೆ, ಜೇಬಿನ ಸಣ್ಣ ಸ್ಕ್ರೂಡ್ರೈವರಿನಿಂದ ಮಿಠ್ಠುವಿನ ಕತ್ತು ಬಿಚ್ಚಿದೆ, ಗೇರಿನ ಹಲ್ಲಿನ ಸಂದಿನಲ್ಲಿ ಅಕ್ಕಿನುಚ್ಚಿನಷ್ಟು ಪ್ಲಾಸ್ಟಿಕ್ ಚೂರು, ತೆಗೆದು ಕಸದ ಡಬ್ಬಿಗೆ ಹಾಕಿ ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟೆ, ತಲೆ ಸದ್ದಿಲ್ಲದೆ ತಿರುಗಿತು, ಮನಸ್ಸಿನಲ್ಲೇ ಬೀಗಿದೆ. ಎದ್ದವಳು ಕಿವಿಗೊಟ್ಟು ಕಾದಳು, ಇದು ಮಿಠ್ಠು ಅಲ್ಲ ಅಂದಳು, ಗೋಡೆಗೆ ಮುಖ ಮಾಡಿ ಮಲಗಿದಳು.

ಆಗಿನಿಂದ ಒಂದು ಸಲವೂ ನಳಿಗೆಯಲ್ಲಿ ಉಸಿರೆಳೆದಿಲ್ಲ — ನರ್ಸ್ ಪುಷ್ಪಲತಾ ಬೇಡಿಕೊಂಡಳು, ಆ ಚೂರನ್ನು ಮತ್ತೆ ಸಿಕ್ಕಿಸೋಣವೆಂದರೆ ಕಸದ ಗಾಡಿ ಆಗಲೇ ಹೋಗಿತ್ತು, ಡಾಕ್ಟರ್ ಮುರುಗೇಂದ್ರಪ್ಪ ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿದರು, ನಾನು ಮುಚ್ಚುವ ಹಾಗೆಯೇ, ಬಲಗಡೆ ಕೆಳಗೆ ಗಾಳಿ ಹೋಗ್ತಿಲ್ಲ ಅಫ್ಸರ್, ಸಂಜೆಯೊಳಗೆ ಎಳೀಲಿಲ್ಲ ಅಂದ್ರೆ ಕಫ ಕಟ್ಟತೈತೆ, ದಾವಣಗೆರೆ ದೊಡ್ಡಾಸ್ಪತ್ರೆಗೆ ಕಳಿಸಬೇಕಾಗ್ತೈತೆ ಅಂದರು. ಮತ್ತೆ ಆಂಬುಲೆನ್ಸು, ಮತ್ತೆ ತೇಲುವ ಹುಲ್ಲು, ಭಯವಾಗುತ್ತಿದೆ, ಮಿಠ್ಠುವಿನ ಹಿಂದೆ ಬಗ್ಗಿ, ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಟಿಕ್ ಅನ್ನುತ್ತೇನೆ — ಅಬ್ಬಾ, ಅದು ನೀನು, ಎನ್ನುತ್ತಾಳೆ ಗೋಡೆಯ ಕಡೆಗೇ. ಹೂಂ ಬೇಟಾ, ನಾನೇ, ಅದರ ಕತ್ತು ಬಿಚ್ಚಿದ್ದೂ ನಾನೇ. ಅದನ್ನ ಕೇಳಿ ಬಿಚ್ಚಿದ್ಯಾ, ಎನ್ನುತ್ತಾಳೆ. ಇಲ್ಲ. ಫ್ಯಾನು ತಿರುಗುತ್ತದೆ, ಪರದೆ ಉಬ್ಬಿ ಇಳಿಯುತ್ತದೆ, ಬಿಸಿಲು ಕೊಳವೆಯಲ್ಲಿ ಮೇಲೆ ಸರಿದಿದೆ, ನೀಲಿ ಗುಂಡು ಈಗ ನೆರಳಿನಲ್ಲಿ. ನೋವಾಗ್ತೈತೆ ಅಂತ ಹೇಳಿದ್ದೆ ಅಬ್ಬಾ, ನೀನು ಸೋಡಾ ಕೊಟ್ಟೆ. ತಪ್ಪಾಯ್ತು ಬೇಟಾ, ನನಗೆ ಕೇಳಿಸಲಿಲ್ಲ — ಮಿಠ್ಠು ಹಸಿರು ಕಣ್ಣು ಬಿಟ್ಟುಕೊಂಡು ಇಬ್ಬರನ್ನೂ ನೋಡುತ್ತಿದೆ, ಅವಳು ಹೊಟ್ಟೆ ಹಿಡಿದು ಹೊರಳುತ್ತಾಳೆ, ನಳಿಗೆಯನ್ನು ತಾನೇ ತೆಗೆದುಕೊಳ್ಳುತ್ತಾಳೆ, ಮಿಠ್ಠುಗೆ ಗಂಟಲು ಕಟ್ಟೈತೆ, ನೀನೇ ಟಿಕ್ ಅನ್ನು, ನಿಧಾನ ಅನ್ನು, ಎನ್ನುತ್ತಾಳೆ — ಟಿಕ್, ಬಿಳಿ ಎದ್ದಿತು, ಟಿಕ್, ಹಳದಿ, ಅವಳ ಹುಬ್ಬು ನೋವಿಗೆ ಗಂಟಾಗಿದೆ, ಸಾಕು ಅನ್ನಲೇ, ಅನ್ನಬೇಡ, ಸುಮ್ಮನೆ ಕೇಳು, ಅವಳ ಎದೆಯೊಳಗೆ ಗಾಳಿ ನುಗ್ಗುವ ಸಣ್ಣ ಸದ್ದು, ಟಿಕ್, ನೀಲಿ ಅಲುಗಿತು, ತಳ ಬಿಟ್ಟಿತು, ಬಿಸಿಲಿಗೆ ಬಂತು, ನನ್ನ ನಾಲಗೆ ಅಂಗುಳಕ್ಕೇ ಅಂಟಿತು, ನೀಲಿ ಗುಂಡು, ಮೇಲೆ, ಇನ್ನೂ ಮೇಲೆಯೇ, ನೀಲಿ ಗುಂಡು