ಬೂಟು ಬಚ್ಚಿಟ್ಟ ತಾಯಿಯ ವಿಚಾರಣೆ

ಆರೋಪಿ ಬಂದಿರಲಿಲ್ಲ. ನ್ಯಾಯಾಧೀಶ ಬಂದು ಕುಳಿತಾಗಿತ್ತು, ವಕೀಲರಿಬ್ಬರೂ ಎದುರುಬದುರು ಬೆಂಚುಗಳಲ್ಲಿ ಸಿದ್ಧರಾಗಿದ್ದರು, ಕಪ್ಪುಹಲಗೆಯ ಪಕ್ಕ ಆರೋಪಿಗೆಂದು ಹಾಕಿದ್ದ ಕುರ್ಚಿ ಮಾತ್ರ ಖಾಲಿ ಇತ್ತು.

“ಅವಳಿಗೆ ಜ್ವರ ಅಂತೆ ಟೀಚರ್,” ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು.

“ಜ್ವರ ನಿಜವಾಗ್ಲೂ ಬಂದಿದ್ಯಾ ಅಂತ ಒಂದ್ಸಲ ವಿಚಾರಿಸೋದು ಒಳ್ಳೇದು,” ಎಂದಳು ಆರೋಪ ಹೊರಿಸಬೇಕಾದ ವಕೀಲೆ. “ಈಚೆಗೆ ಜ್ವರ ಇಲ್ಲದವ್ರಿಗೂ ಜ್ವರ ಬರ್ತಿದೆ.”

ತರಗತಿ ನಕ್ಕಿತು. ಟೀಚರ್ ನಗಲಿಲ್ಲ. ಆ ವಕೀಲೆ ಅವರ ಸ್ವಂತ ಮಗಳು.

ಒಂಬತ್ತನೇ ತರಗತಿಗೆ ಭಾಷೆ ಕಲಿಸುವ ಈ ಟೀಚರ್, ಕಥೆಯ ಪಾಠ ಮುಗಿದ ಮೇಲೆ ಪ್ರಶ್ನೋತ್ತರ ಬರೆಸುವ ಗೋಜಿಗೆ ಹೋಗುತ್ತಿರಲಿಲ್ಲ. ಕಥೆಯೊಳಗಿನ ಒಬ್ಬರನ್ನು ಹಿಡಿದು ತಂದು ಕೋರ್ಟಿನಲ್ಲಿ ಕೂರಿಸುತ್ತಿದ್ದರು. ಯಾಕೆ ಹಾಗೆ ಮಾಡಿದೆ, ಮಾಡುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಮಕ್ಕಳೇ ಕೆದಕಿ ಕೆದಕಿ ಕೇಳಬೇಕು. ಏನು ಹೇಳಿದರೂ ಕಥೆಯ ಸಾಲು ತೋರಿಸಿ ಹೇಳಬೇಕು. ಆರೋಪಿ ಸುಳ್ಳು ಹೇಳುವಂತಿಲ್ಲ. ಆರೋಪಿಯ ಪಾತ್ರ ವಹಿಸಿದವರು ಬರದಿದ್ದರೆ ಆ ಕುರ್ಚಿಯಲ್ಲಿ ಟೀಚರೇ ಕೂರಬೇಕು. ಈ ಕೊನೆಯ ನಿಯಮವನ್ನು ಅವರು ಯಾವುದೋ ವರ್ಷದ ಹುರುಪಿನಲ್ಲಿ ಮಾಡಿಬಿಟ್ಟಿದ್ದರು; ಇದುವರೆಗೆ ಅದರ ಅಗತ್ಯ ಬಿದ್ದಿರಲಿಲ್ಲ. ತಾನು ತೋಡಿದ ಗುಂಡಿಗೆ ತಾನೇ ಬೀಳುವುದೆಂದರೆ ಇದೇ ಎಂದುಕೊಂಡು ಅವರು ಸೀಮೆಸುಣ್ಣದ ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕುಳಿತರು.

ಪಾಠದ ಕಥೆ ಚಿಕ್ಕದು. ಹೊಳೆಯಂಚಿನ ಮನೆಯಲ್ಲಿ ಒಬ್ಬ ತಾಯಿ. ದೊಡ್ಡ ಮಗ ದೋಣಿ ಹತ್ತಿ ದೂರದ ಬಂದರಿಗೆ ದುಡಿಯಲು ಹೋಗಿದ್ದಾನೆ. ಈಗ ಚಿಕ್ಕವನ ಸರದಿ. ಅವನು ಹೊರಡುವ ಬೆಳಗ್ಗೆ ತಾಯಿ ಅವನ ಬೂಟುಗಳನ್ನು ಸೌದೆ ರಾಶಿಯೊಳಗೆ ಬಚ್ಚಿಡುತ್ತಾಳೆ. ಹುಡುಗ ಮನೆಯೆಲ್ಲ ತಡಕಾಡುತ್ತಾನೆ, ಅಷ್ಟರಲ್ಲಿ ದೋಣಿ ಹೊರಟುಹೋಗುತ್ತದೆ. ತಾಯಿ ಯಾಕೆ ಬಚ್ಚಿಟ್ಟಳು ಎಂದು ಕಥೆ ಎಲ್ಲಿಯೂ ಹೇಳುವುದಿಲ್ಲ.

ಚೀಟಿ ಎತ್ತಿ ಪಾತ್ರ ಹಂಚಿದಾಗ ಈ ತಾಯಿಯ ಮೇಲೆ ಆರೋಪ ಹೊರಿಸುವ ಕೆಲಸ ಮಗಳಿಗೇ ಬಿತ್ತು. ಟೀಚರ್ ಆ ಚೀಟಿಯನ್ನು ಎರಡು ಸಲ ಓದಿದ್ದರು.

ಮಗಳು ಈಜುಕೊಳದ ಎತ್ತರದ ಹಲಗೆಯಿಂದ ನೀರಿಗೆ ಧುಮುಕುವುದನ್ನು ಕಲಿಯುತ್ತಿದ್ದಳು. ಗಾಳಿಯಲ್ಲಿ ಸುತ್ತು ಹೊಡೆದು, ಹೆಚ್ಚು ನೀರು ಚಿಮ್ಮಿಸದೆ ಒಳಗೆ ಇಳಿದುಬಿಡುತ್ತಿದ್ದಳು. ಟೀಚರ್ ಮೆಟ್ಟಿಲ ಮೇಲೆ ಟವೆಲ್ ಹಿಡಿದು ಕೂರುತ್ತಿದ್ದರು. ಮಗಳು ಹಲಗೆಯ ತುದಿಗೆ ಬಂದೊಡನೆ ಕಣ್ಣು ಮುಚ್ಚಿ, ನೀರಿನ ಸದ್ದಾದ ಮೇಲೆ ತೆರೆಯುತ್ತಿದ್ದರು. ಕಳೆದ ತಿಂಗಳು ಕೋಚ್ ಫೋನ್ ಮಾಡಿದ್ದರು. ದೂರದ ಊರಿನ ತರಬೇತಿ ಹಾಸ್ಟೆಲಿಗೆ ಮಕ್ಕಳನ್ನು ಆರಿಸುತ್ತಿದ್ದಾರೆ, ಶನಿವಾರ ಬೆಳಗ್ಗೆ ಕರೆದುಕೊಂಡು ಬನ್ನಿ ಎಂದಿದ್ದರು. “ಅವಳಿಗೆ ಜ್ವರ ಸರ್,” ಎಂಬ ಮಾತು ಟೀಚರ್ ಬಾಯಿಂದ ತಾನಾಗಿ ಹೊರಬಿದ್ದಿತ್ತು. ಯೋಚಿಸಿ ಹೇಳಿದ್ದರೆ ಇದಕ್ಕಿಂತ ಒಳ್ಳೆಯ ಸುಳ್ಳು ಹೊಳೆಯುತ್ತಿತ್ತು. ಮನೆಯಲ್ಲಿ ಆ ಸುದ್ದಿಯನ್ನೇ ಎತ್ತಲಿಲ್ಲ. ಶನಿವಾರ ಮಗಳು ಹೊದ್ದು ಮಲಗಿಯೇ ಇದ್ದಳು, ಇವರೂ ಎಬ್ಬಿಸಲಿಲ್ಲ. ಸೋಮವಾರ ಕೋಚ್ ಅವಳನ್ನು ಕಂಡು “ಜ್ವರ ಬಿಡ್ತಾ?” ಎಂದು ಕೇಳಿದರು. ಅಲ್ಲಿಗೆ ಬಣ್ಣ ಬಯಲಾಯಿತು.

“ನಿನ್ನ ಒಳ್ಳೇದಕ್ಕೇ ಮಾಡಿದ್ದು. ಅಷ್ಟೆತ್ತರದಿಂದ ಬಿದ್ದು ಏನಾದ್ರೂ ಹೆಚ್ಚುಕಮ್ಮಿ ಆದ್ರೆ?” ಎಂದು ಟೀಚರ್ ಅಂದು ಸಮಜಾಯಿಷಿ ಕೊಟ್ಟಿದ್ದರು.

“ಸರಿ, ಟೀಚರ್,” ಎಂದಿದ್ದಳು ಮಗಳು.

ಶಾಲೆಯ ಗೇಟಿನೊಳಗೆ ಟೀಚರ್, ಗೇಟು ದಾಟಿದರೆ ಅಮ್ಮ ಎಂಬುದು ಅವರಿಬ್ಬರ ನಡುವಿನ ಹಳೆಯ ಒಪ್ಪಂದ. ಆ ಸೋಮವಾರದಿಂದ ಮಗಳು ಗೇಟು ದಾಟುವುದನ್ನೇ ನಿಲ್ಲಿಸಿಬಿಟ್ಟಳು. ಮನೆಯಲ್ಲೂ “ಟೀಚರ್, ಊಟ ಆಯ್ತು”, “ಟೀಚರ್, ನಲ್ಲಿ ಸೋರ್ತಿದೆ, ನೋಡಿ” ಎನ್ನುತ್ತಿದ್ದಳು. ಜಗಳವಾಡಿದ್ದರೆ ತಿರುಗಿ ಜಗಳವಾಡಬಹುದಿತ್ತು. ಇಷ್ಟು ಮರ್ಯಾದೆ ಕೊಡುವವಳ ಹತ್ತಿರ ಯಾವ ಬಾಯಲ್ಲಿ ಜಗಳವಾಡುವುದು? ಗಂಡ ತೀರಿಕೊಂಡ ಮೇಲೆ ಅಮ್ಮ ಎಂದು ಕೂಗುವ ಆ ಒಂದೇ ದನಿ ಮನೆಯಲ್ಲಿ ಉಳಿದಿತ್ತು; ಅದೂ ನಿಂತಮೇಲೆ ಟೀಚರ್ ತಮ್ಮ ಅಡುಗೆಮನೆಯಲ್ಲಿ ತಾವೇ ಬಾಡಿಗೆಗೆ ಇದ್ದವರಂತೆ ಓಡಾಡುತ್ತಿದ್ದರು. ಹೋಗಿಬಿಡುತ್ತಾಳೆ ಎಂದು ಹೆದರಿ ಹಿಡಿದಿಟ್ಟುಕೊಂಡ ಮಗಳು ಎದುರಿಗೇ ಇದ್ದೂ ಹೋಗಿಬಿಟ್ಟಿದ್ದಳು.

“ಕಲಾಪ ಶುರುವಾಗಲಿ,” ಎಂದು ನ್ಯಾಯಾಧೀಶ ಡಸ್ಟರಿನಿಂದ ಮೇಜು ಕುಟ್ಟಿದ. ಕಣ್ಣಿಗೆ ದಪ್ಪ ಗಾಜು ಹಾಕಿದ್ದ ಈ ಹುಡುಗನನ್ನು ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು. ಸುಣ್ಣದ ಪುಡಿ ಹಾರಿ ಅವನಿಗೇ ಸೀನು ಬಂತು.

ಮಗಳು ಪುಸ್ತಕ ಹಿಡಿದು ಎದ್ದಳು. “ಚಿಕ್ಕ ಮಗನ ಬೂಟು ಬಚ್ಚಿಟ್ಟಿದ್ದು ನೀವೇನಾ?”

“ನಾನೇ.”

“ಯಾಕೆ?”

“ಮಗನ ಮೇಲಿನ ಪ್ರೀತಿಗೆ,” ಎಂದರು ಟೀಚರ್. “ನೀರಿನ ಮೇಲಿನ ಬದುಕು, ಯಾವಾಗ ಏನೋ ಎಂತೋ. ಹೆತ್ತ ಕರುಳಿಗೆ ಹೆದರಿಕೆ ಇರೋದಿಲ್ವಾ?”

“ಗೈಡ್ ಉತ್ತರ,” ಎಂದು ಹಿಂದಿನಿಂದ ಯಾರೋ ಗೊಣಗಿದರು. ನಿಜ. ಆ ಉತ್ತರಕ್ಕೆ ಎಷ್ಟೋ ವರ್ಷಗಳಿಂದ ಪರೀಕ್ಷೆಯಲ್ಲಿ ಪೂರ್ತಿ ಅಂಕ ಕೊಟ್ಟವರು ಇದೇ ಟೀಚರ್.

ಮಗಳು ಒಂದು ಹಾಳೆ ಹಿಂದಕ್ಕೆ ತಿರುವಿದಳು. “ಇಲ್ಲೊಂದು ಸಾಲಿದೆ. ‘ದೊಡ್ಡವನು ಹೊರಟ ದಿನ ತಾಯಿ ಬುತ್ತಿ ಕಟ್ಟಿಕೊಟ್ಟಳು. ದೋಣಿಯ ಹಗ್ಗವನ್ನು ತಾನೇ ಬಿಚ್ಚಿದಳು.’ ಅದೇ ಹೊಳೆ, ಅದೇ ದೋಣಿ. ಆಗ ನಿಮಗೆ ನೀರಿನ ಹೆದರಿಕೆ ಇರ್ಲಿಲ್ವಾ?”

ಟೀಚರ್ ಆ ಸಾಲನ್ನು ಅದೆಷ್ಟು ಸಲ ಗಟ್ಟಿಯಾಗಿ ಓದಿದ್ದರೋ. ಹಗ್ಗ ಬಿಚ್ಚಿದ ಕೈಯೇ ಬೂಟು ಬಚ್ಚಿಟ್ಟಿದ್ದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

“ಇತ್ತು,” ಎಂದರು.

“ಆದ್ರೂ ಅವನನ್ನ ಕಳಿಸಿದ್ರಿ.”

“ಕಳಿಸಿದೆ.”

“ಹಾಗಾದ್ರೆ ಚಿಕ್ಕವನ ಬೂಟು ಬಚ್ಚಿಟ್ಟಿದ್ದು ನೀರಿನ ಹೆದರಿಕೆಗಲ್ಲ. ಮತ್ಯಾಕೆ?”

ಮಗಳ ದನಿ ಸಣ್ಣಗೆ ನಡುಗಿತು. ಮಕ್ಕಳು ಅದನ್ನು ಅಭಿನಯವೆಂದುಕೊಂಡರು. ಪಾಠದ ಪುಸ್ತಕದ ಹಿಂದೆ ಅಡಗಿ ಕುಳಿತುಕೊಳ್ಳಲು ಟೀಚರಿಗೆ ಹತ್ತು ದಾರಿ ಗೊತ್ತಿತ್ತು. ಆದರೆ ಆರೋಪಿ ಸುಳ್ಳು ಹೇಳುವಂತಿಲ್ಲ, ನಿಯಮ ತಮ್ಮದೇ. ಅದಕ್ಕಿಂತ ಹೆಚ್ಚಾಗಿ, ಅವರಿಗೆ ಸುಳ್ಳು ಸಾಕಾಗಿತ್ತು.

“ದೊಡ್ಡವನು ಹೋದಾಗ ಚಿಕ್ಕವನಿದ್ದ,” ಎಂದರು ನಿಧಾನವಾಗಿ. “ಚಿಕ್ಕವನೂ ಹೋದ್ರೆ ಸಂಜೆ ಯಾರ ಹೆಜ್ಜೆ ಸದ್ದಿಗೆ ಕಾಯೋದು, ಒಬ್ಬಳಿಗೋಸ್ಕರ ಏನಂತ ಅಡುಗೆ ಮಾಡೋದು ಅನ್ನಿಸ್ತು. ನನಗೋಸ್ಕರ ಬಚ್ಚಿಟ್ಟೆ. ಅವನಿಗೋಸ್ಕರ ಅಲ್ಲ.”

ತರಗತಿ ಗಪ್‌ಚುಪ್ಪಾಯಿತು. ಪಕ್ಕದ ಕೋಣೆಯ ಲೆಕ್ಕದ ಮೇಷ್ಟ್ರು ಕಿಟಕಿಯಿಂದ ಇಣುಕಿದರು. ಗದ್ದಲವಾದಾಗ ಬೈಯಲು ಬರುವ ಮನುಷ್ಯ, ಇವತ್ತು ಸದ್ದಡಗಿದ್ದಕ್ಕೆ ಗಾಬರಿಯಾಗಿ ಬಂದಿದ್ದರು. ಏನೂ ತಿಳಿಯದೆ ಹಾಗೇ ಹೊರಟುಹೋದರು.

“ಅವನ ಹತ್ರಾನೇ ಹೀಗಂತ ಹೇಳ್ಬಹುದಿತ್ತಲ್ಲ,” ಎಂದಳು ಮಗಳು. ವಕೀಲೆಯ ದನಿ ಅರ್ಧಕ್ಕರ್ಧ ಇಳಿದಿತ್ತು.

“ಹೇಳಿದ್ರೆ ಉಳ್ಕೊಂಡುಬಿಡ್ತಿದ್ದ.”

“ಅದೇ ತಾನೆ ಬೇಕಿದ್ದಿದ್ದು?”

“ನನ್ನ ಮೇಲೆ ಅಯ್ಯೋ ಪಾಪ ಅಂತ ಉಳ್ಕೊಳ್ಳೋದು ಬೇಡವಾಗಿತ್ತು. ಬೂಟು ಸಿಗದೆ ಉಳ್ಕೊಂಡ್ರೆ ಅವನಿಗೂ ಬೇಜಾರಿಲ್ಲ, ನಂಗೂ ಅವಮಾನ ಇಲ್ಲ ಅಂದ್ಕೊಂಡೆ. ಹಾವೂ ಸಾಯಬೇಕು, ಕೋಲೂ ಮುರೀಬಾರ್ದು ಅಂತಾರಲ್ಲ, ಹಾಗೆ. ಕೊನೆಗೆ ಕೋಲೇ ಮುರೀತು.”

ಇಷ್ಟು ಹೇಳಿದ ಮೇಲೆ ಟೀಚರಿಗೆ ಏನೋ ಇಳಿದಂತಾಯಿತು. ನಾಚಿಕೆಯಾಗುತ್ತದೆ ಎಂದುಕೊಂಡಿದ್ದರು, ಹಾಗಾಗಲಿಲ್ಲ. ಬಿಗಿ ಚಪ್ಪಲಿ ಕಳಚಿಟ್ಟಾಗ ಆಗುವಂಥ ಹಾಯೆನಿಸಿತು.

ಮಗಳು ಕುಳಿತಳು. ಈಗ ತಾಯಿಯ ಪರ ವಕೀಲನ ಸರದಿ. ಒಮ್ಮೆ ಶುರುವಾದರೆ ನಿಲ್ಲದವನೆಂದು ಅವನಿಗೆ ರೇಡಿಯೋ ಎಂದು ಹೆಸರು. ತನ್ನ ಕಕ್ಷಿದಾರಳೇ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟಿದ್ದರಿಂದ ಅವನು ಸ್ವಲ್ಪ ಪೆಚ್ಚಾಗಿದ್ದ.

“ಸ್ವಾಮಿ, ಇವರು ತಪ್ಪು ಮಾಡಿದ್ದಾರೆ, ಬಿಡಿ. ಆದ್ರೆ ನಂದೊಂದು ಡೌಟು. ಇವರು ಬಚ್ಚಿಟ್ಟಿದ್ದು ಬೂಟನ್ನ. ಕಾಲನ್ನ ಅಲ್ಲ. ದೋಣಿ ಹತ್ತೋಕೆ ಬೂಟು ಯಾಕೆ? ಇಲ್ನೋಡಿ, ಮೊದಲ ಪುಟದಲ್ಲೇ ಇದೆ, ‘ಚಿಕ್ಕವನು ಬರಿಗಾಲಲ್ಲೇ ಹೊಳೆದಂಡೆಯೆಲ್ಲ ಸುತ್ತುತ್ತಿದ್ದ’ ಅಂತ. ಹೋಗ್ಲೇಬೇಕು ಅನ್ನೋ ಹಟ ಇದ್ದಿದ್ರೆ ಬರಿಗಾಲಲ್ಲಿ ಓಡಿ ಹೋಗಿ ಹತ್ಬಹುದಿತ್ತಲ್ಲ? ಮನೆಯೊಳಗೇ ಯಾಕೆ ಹುಡುಕ್ತಾ ಕೂತ? ನನ್ನ ಕೇಳಿದ್ರೆ ಅವನಿಗೂ ಹೋಗೋಕೆ ಪುಕುಪುಕು ಇತ್ತು. ಬೂಟು ಸಿಗದೆ ಇದ್ದಿದ್ದು ಅವನಿಗೂ ಅನುಕೂಲವೇ ಆಯ್ತು.”

ತರಗತಿ ಹೋ ಎಂದಿತು. ಕನ್ನಡಕ ಡಸ್ಟರ್ ಕುಟ್ಟಿ, “ಇದಕ್ಕೆ ಏನಂತೀರಿ?” ಎಂದು ಮಗಳನ್ನು ಕೇಳಿದ.

ಮಗಳು ಪುಸ್ತಕದ ಮೇಲೆ ಬಗ್ಗಿ ಇಲ್ಲದ ಸಾಲನ್ನು ಹುಡುಕುತ್ತಿದ್ದಳು. ಅವಳ ಕಿವಿಗಳು ಕೆಂಪಾಗಿದ್ದವು. ಕದ್ದು ತಿಂದು ಸಿಕ್ಕಿಬಿದ್ದಾಗ ಆ ಕಿವಿಗಳು ಹಾಗಾಗುವುದನ್ನು ಟೀಚರ್ ಅವಳ ಚಿಕ್ಕಂದಿನಿಂದ ನೋಡಿದ್ದರು. ಇದೇಕೆ ಈಗ ಎಂದು ಅವರಿಗೆ ಅರ್ಥವಾಗಲಿಲ್ಲ.

ಗಂಟೆ ಹೊಡೆಯುವ ಹೊತ್ತಾಗಿತ್ತು. ಕನ್ನಡಕ ಎದ್ದು ನಿಂತು ತೀರ್ಪು ಕೊಟ್ಟ. “ಆರೋಪಿ ಮಾಡಿದ್ದು ತಪ್ಪು. ಬೂಟು ವಾಪಸ್ ಕೊಡ್ಬೇಕು. ಹುಡುಗ ಸರಿಯಾಗಿ ಹುಡುಕಿಲ್ಲ ಅಂತ ಕೋರ್ಟಿಗೂ ಅನುಮಾನ ಇದೆ. ಮುಂದಿನ ದೋಣಿ ಬರೋವರೆಗೆ ಇಬ್ರೂ ಒಂದೇ ಮನೇಲಿ ಇರ್ಬೇಕು. ಅದೇ ಶಿಕ್ಷೆ.”

ಮಧ್ಯಾಹ್ನದ ಬಿಡುವಿನಲ್ಲಿ ಟೀಚರ್ ಊಟದ ಡಬ್ಬಿಯನ್ನೂ ತೆರೆಯದೆ, ಸ್ಟಾಫ್ ರೂಮಿನ ಹೊರಗಿನ ಕಂಬಕ್ಕೆ ಒರಗಿ ಕೋಚಿಗೆ ಫೋನ್ ಮಾಡಿದರು.

“ಸರ್, ಅವತ್ತು ಅವಳಿಗೆ ಜ್ವರ ಇರ್ಲಿಲ್ಲ. ನಾನು ಸುಳ್ಳು ಹೇಳ್ದೆ.”

“ಗೊತ್ತಮ್ಮ,” ಎಂದರು ಕೋಚ್. ಹಿಂದೆ ನೀರು ಬಡಿಯುವ ಸದ್ದು ಕೇಳುತ್ತಿತ್ತು. “ಮಕ್ಕಳನ್ನ ನೀರಿಗೆ ತಳ್ಳೋದು ಸುಲಭ, ಅಪ್ಪ ಅಮ್ಮಂದಿರನ್ನ ತಳ್ಳೋದೇ ಕಷ್ಟ. ಹಾಸ್ಟೆಲಲ್ಲಿ ಇನ್ನೂ ಜಾಗ ಭರ್ತಿ ಆಗಿಲ್ಲ. ಬರೋ ಶನಿವಾರ ಮತ್ತೊಂದ್ಸಲ ನೋಡ್ತಾರೆ. ಕರ್ಕೊಂಡು ಬರ್ತೀರಾ?”

“ಬರ್ತೀನಿ,” ಎಂದರು ಟೀಚರ್. ಫೋನ್ ಇಟ್ಟ ಮೇಲೆ ಹೊಟ್ಟೆ ಚುರುಗುಟ್ಟುತ್ತಿರುವುದು ಗೊತ್ತಾಯಿತು. ಎಷ್ಟೋ ದಿನಗಳ ಮೇಲೆ ಡಬ್ಬಿಯಲ್ಲಿದ್ದುದನ್ನೆಲ್ಲ ತಿಂದು ಮುಗಿಸಿದರು.

ಸಂಜೆ ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ಚೌಕಟ್ಟಿಗೆ ಒರಗಿ ನಿಂತಳು. ಟೀಚರ್ ಒಲೆಯ ಕಡೆ ಮುಖ ಮಾಡಿಕೊಂಡೇ ಫೋನ್ ಮಾಡಿದ್ದನ್ನು, ಶನಿವಾರದ ವಿಷಯವನ್ನು ಹೇಳಿದರು. ಮಗಳು ಚೌಕಟ್ಟಿನ ಸುಲಿದ ಬಣ್ಣವನ್ನು ಉಗುರಿನಿಂದ ಇನ್ನಷ್ಟು ಸುಲಿದಳು.

“ನಂಗೆ ಮೊದಲೇ ಗೊತ್ತಿತ್ತು,” ಎಂದಳು ಆಮೇಲೆ.

“ಏನು?”

“ಆಯ್ಕೆ ಇದೆ ಅಂತ. ಜೊತೇಲಿ ಕಲಿಯೋರು ಹಿಂದಿನ ದಿನಾನೇ ಹೇಳಿದ್ರು. ಬೆಳಗ್ಗೆ ಎಚ್ಚರಾನೂ ಇತ್ತು.” ಅವಳ ಕಿವಿ ಮತ್ತೆ ಕೆಂಪಾಯಿತು. “ಆ ಹಾಸ್ಟೆಲಲ್ಲಿ ಎಲ್ರೂ ನಂಗಿಂತ ದೊಡ್ಡೋರು. ಹಲಗೆ ಇನ್ನೂ ಎತ್ತರ ಇದೆಯಂತೆ. ಯಾರಾದ್ರೂ ಎಬ್ಬಿಸಿದ್ರೆ ಹೋಗೋಣ, ಇಲ್ಲಾಂದ್ರೆ ಬೇಡ ಅಂತ ಹೊದ್ಕೊಂಡು ಮಲಗಿದ್ದೆ. ಯಾರೂ ಎಬ್ಬಿಸ್ಲಿಲ್ಲ. ಮೊದಲು ಅಬ್ಬಾ ಅನ್ನಿಸ್ತು. ಸೋಮವಾರ ಕೋಚ್ ಹೇಳಿದ್ಮೇಲೆ ಸಿಟ್ಟು ಬಂತು.”

“ನನ್ನ ಮೇಲೆ.”

“ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋದು ಸುಲಭ ಇತ್ತು.” ಮಗಳು ಮೂಗು ಒರೆಸಿಕೊಂಡಳು. “ಆ ರೇಡಿಯೋನ ಬಾಯಿಗೆ ಬೀಗ ಹಾಕ್ಬೇಕು.”

ನಿನ್ನ ಮೇಲೆ ಎಂದಿದ್ದಳು. ನಿಮ್ಮ ಎಂದಿರಲಿಲ್ಲ. ಟೀಚರಿಗೆ ನಗು ಉಕ್ಕಿಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ತಾನೊಬ್ಬಳೇ ಹೊತ್ತು ತಿರುಗುತ್ತಿದ್ದೇನೆ ಎಂದುಕೊಂಡಿದ್ದ ಮೂಟೆಯ ಇನ್ನೊಂದು ತುದಿಯನ್ನು ಈ ಹುಡುಗಿ ಹೊತ್ತುಕೊಂಡಿದ್ದಳು. ಒಲೆಯ ಮೇಲಿನ ಹಾಲು ಉಕ್ಕಿ ಸುರಿಯಿತು. ಇಬ್ಬರೂ ಒಟ್ಟಿಗೇ ಬಟ್ಟೆಗೆ ಕೈ ಹಾಕಿ, ಯಾರ ಕೈಯೂ ಸುಡದ ಹಾಗೆ ಪಾತ್ರೆ ಇಳಿಸಿದರು.

“ಈಗ ಹೋಗೋಕೆ ಮನಸ್ಸಿದ್ಯಾ?” ಎಂದು ಟೀಚರ್ ಕೇಳಿದರು.

“ಇದೆ. ಹೆದರಿಕೇನೂ ಇದೆ.”

“ನಂಗೂ ಎರಡೂ ಇದೆ,” ಎಂದರು ಟೀಚರ್. “ಬೆಳಗ್ಗೆ ನಾನು ಎಬ್ಬಿಸ್ತೀನಿ.”

ಶನಿವಾರ ಈಜುಕೊಳದಲ್ಲಿ ಹೊರಗಿನಿಂದ ಬಂದ ಇಬ್ಬರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಕೋಚ್ ಕೈಬೀಸಿ ಕರೆದರು. ಮಗಳು ಚಪ್ಪಲಿಗಳನ್ನು ಅಲ್ಲೊಂದು ಇಲ್ಲೊಂದು ಕಳಚಿ ಎಸೆದು ಓಡಿದಳು; ಅರ್ಧ ದಾರಿಯಲ್ಲಿ ತಿರುಗಿ, “ಅಮ್ಮಾ, ಟವೆಲ್ ಒದ್ದೆ ಮಾಡ್ಬೇಡ,” ಎಂದು ಹೇಳಿ ಏಣಿ ಹತ್ತಿದಳು.

ಅಮ್ಮ ಟವೆಲನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ಮಗುಚಿ ಬಿದ್ದ ಚಪ್ಪಲಿಯನ್ನು ನೆಟ್ಟಗೆ ಮಾಡಿ, ಇನ್ನೊಂದನ್ನು ತಂದು ಅದರ ಪಕ್ಕಕ್ಕಿಟ್ಟು, ಎರಡನ್ನೂ ಹೊರಗಿನ ಬಾಗಿಲ ಕಡೆಗೆ ತಿರುಗಿಸಿ ಜೋಡಿಸಿದರು. ಆಮೇಲೆ ತಲೆಯೆತ್ತಿದರು. ಹಲಗೆಯ ತುದಿಯಿಂದ ಎರಡು ಬರಿಗಾಲುಗಳ ಬೆರಳುಗಳು ಹೊರಗೆ ಇಣುಕಿದ್ದವು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಅವರು ಅಂಗೈಯನ್ನು ಹಣೆಗೆ ಅಡ್ಡ ಹಿಡಿದು, ರೆಪ್ಪೆ ಮಿಟುಕಿಸದೆ ನೋಡುತ್ತಾ ನಿಂತರು.